ಕಣ್ಣಿಗೆ ಕಾಣದ ರಕ್ತ



ಇಂದು ನಾನು ಎತ್ತಿಕೊಂಡಿರುವ ವಿಷಯ ಊಟದ ಪಂಕ್ತಿಯಲ್ಲಿ ಆಡತಕ್ಕದ್ದಲ್ಲ. ವೈದ್ಯರ ಮುಂದೆ ಆಡುವುದಕ್ಕೂ ನಮ್ಮಲ್ಲಿ ಅನೇಕರಿಗೆ ಸಂಕೋಚ. ಅದು ಮಲಪರೀಕ್ಷೆ. ಈ ಸಂಕೋಚಕ್ಕೆ ಕೆಲವು ವೇಳೆ ಜೀವವನ್ನೇ ಬೆಲೆಯಾಗಿ ತೆರಬೇಕಾಗುತ್ತದೆ.

ದೊಡ್ಡ ಕರುಳಿನ ಕ್ಯಾನ್ಸರ್ ರಾತ್ರಿ ಬೆಳಗಾಗುವುದರೊಳಗೆ ಹುಟ್ಟುವುದಲ್ಲ. ಬಹುಪಾಲು ಸಂದರ್ಭಗಳಲ್ಲಿ, ಮೊದಲು ಕರುಳಿನ ಒಳಗೋಡೆಯ ಮೇಲೆ ಸಣ್ಣದೊಂದು ಗಂಟು ಏಳುತ್ತದೆ. ಎಲ್ಲ ಗಂಟುಗಳೂ ಕೆಡುವುದಿಲ್ಲ. ಕೆಡುವಂಥವು ಕ್ಯಾನ್ಸರಾಗಿ ತಿರುಗಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಅಷ್ಟು ದಿನವೂ ನೋವು ಕಾಣದೆ ಇರಬಹುದು. ಆದರೆ ಬೆಳೆಯುವ ಗಂಟಿನಿಂದ ಆಗಾಗ ರಕ್ತ ಜಿನುಗಿ ಮಲದೊಡನೆ ಬೆರೆಯುತ್ತದೆ. ಅದು ಕಣ್ಣಿಗೆ ಕಾಣದು, ಪರೀಕ್ಷೆಗೆ ಸಿಕ್ಕೀತು.

ಹಳೆಯ ವಿಧಾನದಲ್ಲಿ, ಗ್ವಾಯಕಮ್ ಮರದ ಅಂಟು ಹಚ್ಚಿದ ಕಾಗದಕ್ಕೆ ಮಲವನ್ನು ತೆಳುವಾಗಿ ಸವರಿ ಹೈಡ್ರೋಜನ್ ಪೆರಾಕ್ಸೈಡ್ ಹನಿಸುತ್ತಾರೆ. ರಕ್ತವಿದ್ದರೆ ನೀಲಿ ಬಣ್ಣ ತೋರುತ್ತದೆ. ತಿಂದ ಮಾಂಸದಿಂದಲೂ ಹಾಗೆ ತೋರಬಹುದಾದ್ದರಿಂದ ಪಥ್ಯ ಬೇಕು. ಹೊಸ ವಿಧಾನವು ಮನುಷ್ಯರಕ್ತದ ಪ್ರೋಟೀನನ್ನೇ ಗುರುತಿಸುತ್ತದೆ, ಪಥ್ಯದ ಕಾಟವಿಲ್ಲ. ಮನೆಯಲ್ಲೇ ಕಡ್ಡಿಯಿಂದ ಚೂರು ತೆಗೆದು, ಕೊಟ್ಟ ಕೊಳವೆಯಲ್ಲಿಟ್ಟು ಕಳುಹಿಸಿದರೆ ಸಾಕು.

ಇದರಿಂದ ಪ್ರಯೋಜನವುಂಟೆ? ಅಮೆರಿಕದ ಮಿನ್ನೆಸೋಟಾದಲ್ಲಿ 50ರಿಂದ 80 ವರ್ಷದ 46,551 ಜನರನ್ನು ಸೇರಿಸಿಕೊಂಡು ಹಳೆಯ ವಿಧಾನವನ್ನೇ ಒರೆಗೆ ಹಚ್ಚಿದರು. 1993ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷಕ್ಕೊಮ್ಮೆ ಪರೀಕ್ಷೆಗೆ ಸೇರಿದ್ದ ಗುಂಪಿನಲ್ಲಿ ಈ ರೋಗದಿಂದಾಗುವ ಮರಣ ಶೇಕಡ 33ರಷ್ಟು ತಗ್ಗಿತ್ತು. ಜಪಾನು 1992ರಲ್ಲಿ ಹೊಸ ವಿಧಾನದ ಪರೀಕ್ಷೆಯನ್ನು 40 ದಾಟಿದವರಿಗೆಲ್ಲ ಆರಂಭಿಸಿತು.

ಮೂರು ಮಾತು ನೆನಪಿನಲ್ಲಿಡಿ. ರಕ್ತ ಕಂಡುಬಂದಿತೆಂದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ಆದರೆ ಅಲ್ಲಿಗೇ ಬಿಡಕೂಡದು. ಕೊಲೊನೋಸ್ಕೋಪಿ ಮಾಡಿಸಬೇಕು. ಗಂಟು ಸಿಕ್ಕಿದರೆ ಬಹುಮಟ್ಟಿಗೆ ಆಗಲೇ ತೆಗೆದುಬಿಡಬಹುದು. ಎರಡನೆಯದಾಗಿ, ರಕ್ತ ಕಾಣಲಿಲ್ಲವೆಂದು ಜೀವಮಾನವೆಲ್ಲ ನಿಶ್ಚಿಂತೆಯಿಂದಿರುವಂತಿಲ್ಲ. ಗಂಟು ದಿನವೂ ಜಿನುಗುವುದಿಲ್ಲ. ಆದ್ದರಿಂದ ಒಂದೆರಡು ವರ್ಷಕ್ಕೊಮ್ಮೆ ಪರೀಕ್ಷೆ ಮತ್ತೆ ಆಗಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಣ್ಣಿಗೇ ರಕ್ತ ಕಂಡರೆ, ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾದರೆ, ಈ ಪರೀಕ್ಷೆಯನ್ನು ನೆಚ್ಚಿ ಕೂರದೆ ನೇರವಾಗಿ ವೈದ್ಯರಲ್ಲಿಗೆ ಹೋಗಿ. ‘ಮೂಲವ್ಯಾಧಿ ಇರಬೇಕು’ ಎಂದು ನೀವೇ ತೀರ್ಮಾನಿಸಿ ಲೇಪ ಹಚ್ಚುತ್ತ ಕಾಲ ಕಳೆಯಬೇಡಿ.

ನಿಮ್ಮ ಮನೆಯಲ್ಲಿ ಐವತ್ತರ ಆಸುಪಾಸಿನವರು ಇದ್ದರೆ ವೈದ್ಯರನ್ನು ಈ ಪರೀಕ್ಷೆಯ ಬಗ್ಗೆ ಕೇಳಿ. ತಂದೆತಾಯಿಗೋ ಒಡಹುಟ್ಟಿದವರಿಗೋ ಈ ರೋಗ ಬಂದಿದ್ದರೆ ಇನ್ನೂ ಮೊದಲೇ ಕೇಳಿ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.