ಒಬ್ಬನ ಸಾಲ, ಊರಿನ ಹೊಣೆ

ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಬರುವ ಕೇಳುಗರ ಪತ್ರಗಳಲ್ಲಿ ಒಂದೇ ಕೊರಗು: ಸಹಕಾರಿ ಸೊಸೈಟಿಗೆ ರಾಜಕೀಯ ಹೊಕ್ಕಿತು, ಇನ್ನು ನಮ್ಮ ದುಡ್ಡಿನ ಗತಿ ಏನು? ರಾಜಕೀಯದವರನ್ನು ಹೊರಗಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದೂ ಹಲವರು ಬರೆದಿದ್ದೀರಿ.

ಹಾಗಿದ್ದರೆ ಈ ಸೊಸೈಟಿಗಳನ್ನು ಕಟ್ಟಿಕೊಟ್ಟವರು ಯಾರು? ಮೊಳಹಳ್ಳಿ ಶಿವರಾಯರು. 1880ರಲ್ಲಿ ಹುಟ್ಟಿದ ಅವರು ಪುತ್ತೂರಿನಲ್ಲಿ ವಕೀಲರಾಗಿದ್ದರು, ತಾಲೂಕು ಬೋರ್ಡಿನ ಅಧ್ಯಕ್ಷರೂ ಆಗಿದ್ದರು. ಶಾಲೆ, ರಸ್ತೆಗೆಂದು ಓಡಾಡಿದ ರಾಜಕಾರಣಿ. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತದ ಒಂದು ಅಂಚು. ಸಂಪಾಜೆ ದಾಟಿದರೆ ಕೊಡಗು, ಅದರ ಆಡಳಿತವೇ ಬೇರೆ. ಸುಳ್ಯಕ್ಕೂ ಕಡಬಕ್ಕೂ ಬೇರೆ ತಾಲೂಕು ಕಛೇರಿ ಇರಲಿಲ್ಲ. ಯಾವ ಅಹವಾಲಿಗೂ ಹೊಳೆ ದಾಟಿ ಪುತ್ತೂರಿಗೇ ಬರಬೇಕಿತ್ತು.

ಬಂದವರ ಗೋಳು ಏನಿತ್ತು? ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಅಕ್ಕಿ ಮುಗಿಯುತ್ತದೆ. ವ್ಯಾಪಾರಿಯಿಂದ ಮುಂಗಡ ತರುತ್ತಾರೆ. ಅಡಿಕೆ ಇನ್ನೂ ಮರದಲ್ಲಿರುವಾಗಲೇ ಅದು ಅವನದ್ದಾಗಿರುತ್ತದೆ, ಅವನು ಹೇಳಿದ್ದೇ ಕ್ರಯ. ಇದಕ್ಕೆ ಮದ್ದೆಂದು ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದೂ ಪುತ್ತೂರಿನಲ್ಲೇ. ಮಂಗಳೂರಿಗೆ ಹೋದದ್ದು ಆಮೇಲೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ಬಿಟ್ಟರೆ ಉಳಿದದ್ದು ಅರ್ಥವಾಗದು. 1904ರ ಸಹಕಾರಿ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಕ್ಕೆ ಅಪರಿಮಿತ ಹೊಣೆಗಾರಿಕೆ ಇತ್ತು. ಸಂಘ ಮುಳುಗಿದರೆ ಅದರ ಸಾಲಕ್ಕೆ ಸದಸ್ಯರೆಲ್ಲರ ಆಸ್ತಿಯೂ ಹೊಣೆ. ಬರೀ ಪಾಲು ಹಣವಲ್ಲ, ತೋಟವೂ ಹೊಣೆ. ಜರ್ಮನಿಯಲ್ಲಿ ಈ ಪದ್ಧತಿ ಬೆಳೆಸಿದ ರೈಫೈಸನ್ ಕೂಡ ಹಳ್ಳಿಗಳ ಮೇಯರ್ ಆಗಿದ್ದವರು, ನಮ್ಮ ಶಿವರಾಯರ ಹಾಗೆ ಊರಿನ ರಾಜಕಾರಣಿಯೇ. ಈ ಹೊಣೆಯಿಂದ ಏನಾಯಿತು? ನೆರೆಯವನು ಸಾಲ ಕೇಳಿದರೆ ಊರವರು ವಿಚಾರಿಸುತ್ತಿದ್ದರು. ಗೊಬ್ಬರಕ್ಕೆಂದು ತೆಗೆದ ಹಣ ಮದುವೆಗೆ ಹೋಯಿತೇ? ಅಡಿಕೆ ಮಾರಿದ ಮೇಲೆ ಕಂತು ಕಟ್ಟಿದನೇ? ಅವನು ಕಟ್ಟದಿದ್ದರೆ ನಾನು ಕಟ್ಟಬೇಕು, ಆದ್ದರಿಂದ ನಾನು ಕೇಳುತ್ತೇನೆ. ಇನ್ನೊಮ್ಮೆ ಹೇಳುತ್ತೇನೆ: ಅವನು ಕಟ್ಟದಿದ್ದರೆ ನಾನು ಕಟ್ಟಬೇಕು, ಆದ್ದರಿಂದ ನಾನು ಕೇಳುತ್ತೇನೆ. ಸೊಸೈಟಿಯನ್ನು ಕಾದದ್ದು ಈ ಕೇಳುವಿಕೆ. ಕಪಾಟಿನ ಬೀಗದಿಂದ ಆಗುವ ಕೆಲಸವಲ್ಲ ಅದು.

ಆ ನಿಯಮ ಹೋಗಿ ಬಹಳ ಕಾಲವಾಯಿತು. ಉಳಿದಿರುವುದು ಜಾಮೀನು. ಜಾಮೀನೆಂದರೆ ಸಾಕ್ಷಿ ಹಾಕಿದ ಹಾಗೆ ಎಂದು ನಂಬಿದವರು ಇವತ್ತಿಗೂ ಇದ್ದಾರೆ. ಅಲ್ಲ, ಖಂಡಿತ ಅಲ್ಲ! ಸಾಲಗಾರನಷ್ಟೇ ಜಾಮೀನುದಾರನೂ ಬಾಧ್ಯಸ್ಥ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಒಂದು ದಿನ ಹಿರಿಯರೊಬ್ಬರು ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದರು. ಸಂಬಂಧಿಕನೊಬ್ಬ ಜಾಮೀನಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಸಹಿಯ ಜಾಗ ಮಾತ್ರ ಕಾಣುವಂತೆ ಹಿಡಿದ. ಇವರು ಕೈ ಒರೆಸಿ ಸಹಿ ಹಾಕಿದರು. ಆ ಕಾಗದದ ಅಂಚಿನಲ್ಲಿ ಅಡಿಕೆಯ ಕಂದು ಕಲೆ ಇತ್ತು. ಮೂರು ವರ್ಷದ ಮೇಲೆ ನೋಟೀಸು ಹೋದಾಗ ಅದೇ ಕಾಗದ ನನ್ನ ಕೈಗೆ ಬಂತು. ಸಹಿ ಬೀಳುವಾಗ ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆ ನೋವು ಇನ್ನೂ ಇದೆ.

ಶಿವರಾಯರು 1967ರಲ್ಲಿ ತೀರಿಕೊಂಡರು. ಆರು ವರ್ಷದ ಬಳಿಕ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಅದೇ ಸಹಕಾರದ ದಾರಿಯಲ್ಲಿ ಅಡಿಕೆ ಬೆಳೆಗಾರರನ್ನು ಕೂಡಿಸಿ ಕ್ಯಾಂಪ್ಕೊ ಕಟ್ಟಿದರು.

ಈಗ ನಿಮ್ಮ ಕೊರಗಿಗೆ ಬರುತ್ತೇನೆ. ಪಕ್ಷದವರು ಆಡಳಿತ ಮಂಡಳಿಗೆ ಬರುತ್ತಾರೆ, ಬರಲಿ. ಸದಸ್ಯರು ಮನೆಯಲ್ಲಿ ಕೂತರೆ ಮಾತ್ರ ಸೊಸೈಟಿ ಕೆಡುತ್ತದೆ. ಮಹಾಸಭೆಯ ನೋಟೀಸು ಬಂದಾಗ ಊಟಕ್ಕೆ ಮಾತ್ರ ಹೋಗಬೇಡಿ. ವರದಿಯಲ್ಲಿ ಸುಸ್ತಿ ಸಾಲದ ಪುಟ ಬಿಡಿಸಿ, ಕಳೆದ ವರ್ಷದ ಅಂಕಿಯ ಪಕ್ಕಕ್ಕಿಟ್ಟು ನೋಡಿ. ಹೆಚ್ಚಿದ್ದರೆ ಎದ್ದು ನಿಂತು, ಯಾಕೆ ಎಂದು ಕೇಳಿ.