‘ಮಾತ್ರ’ ಎಂಬ ಒಂದು ಮಾತು

ಭಾಷಾಂತರಕಾರನೊಬ್ಬನು ಸೇರಿಸಿದ ಒಂದು ಪದ ಶತಮಾನಗಳ ವಾದಕ್ಕೆ ವಸ್ತುವಾದುದುಂಟು. 1522ರಲ್ಲಿ ಮಾರ್ಟಿನ್ ಲೂಥರನು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದನು. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ, ಮನುಷ್ಯನು ನೀತಿವಂತನೆನಿಸುವುದು ಧರ್ಮಶಾಸ್ತ್ರದ ಕರ್ಮಗಳಿಂದಲ್ಲ, ನಂಬಿಕೆಯಿಂದ ಎಂಬ ಅಭಿಪ್ರಾಯವಿದೆ. ಲೂಥರನು ಅಲ್ಲಿಗೆ ‘ಮಾತ್ರ’ ಎಂಬರ್ಥದ ಪದವೊಂದನ್ನು ಸೇರಿಸಿದನು. ಮೂಲದಲ್ಲಿಲ್ಲದುದನ್ನು ತುರುಕಿದನೆಂದು ವಿರೋಧಿಗಳು ಆಕ್ಷೇಪಿಸಿದರು. ಒಂದನ್ನು ಅಲ್ಲಗಳೆದು ಇನ್ನೊಂದನ್ನು ಸ್ಥಾಪಿಸುವಾಗ ಜರ್ಮನ್ ನುಡಿಯ ಜಾಯಮಾನವೇ ಆ ಪದವನ್ನು ಬೇಡುತ್ತದೆಂದು 1530ರಲ್ಲಿ ಅವನು ಸಮಾಧಾನ ಹೇಳಿದನು. ಕನ್ನಡದಲ್ಲಾದರೆ ಒಂದು ಏಕಾರ ಸಾಕು: ‘ನಂಬಿಕೆಯಿಂದ’ ಎಂಬುದು ‘ನಂಬಿಕೆಯಿಂದಲೇ’ ಆಗುತ್ತದೆ. ವಿವಾದವೆಲ್ಲ ಆ ಏಕಾರದಲ್ಲಿಯೇ ಅಡಗಿದೆ.

ಇದು ಬರಿಯ ವ್ಯಾಕರಣದ ಹಟವಲ್ಲ. ಮಠದಲ್ಲಿದ್ದಾಗ ಲೂಥರನು ಉಪವಾಸ, ಜಾಗರಣೆ, ಪಾಪನಿವೇದನೆಗಳಿಂದ ದೇಹವನ್ನು ದಂಡಿಸಿದನು. ಎಷ್ಟು ಮಾಡಿದರೆ ಸಾಕು ಎಂಬ ಪ್ರಶ್ನೆಗೆ ಮಾತ್ರ ಉತ್ತರ ದೊರೆಯಲಿಲ್ಲ. ಹೊರಗೆ, ರೋಮಿನ ಸಂತ ಪೀಟರ್ ದೇವಾಲಯದ ನಿರ್ಮಾಣಕ್ಕೆಂದು ಕ್ಷಮಾಪತ್ರಗಳ ವಿಕ್ರಯ ನಡೆದಿತ್ತು. 1517ರಲ್ಲಿ ಅವನು ಅದನ್ನು ಪ್ರತಿಭಟಿಸಿದನು. ಪುಣ್ಯದ ಲೆಕ್ಕಾಚಾರದಿಂದ ಬಳಲಿದ್ದ ಜೀವಕ್ಕೆ ಆ ‘ಮಾತ್ರ’ ಬಿಡುಗಡೆಯ ಮಾತಾಗಿತ್ತು.

ಆದರೆ ಒಂದು ಸೋಜಿಗವಿದೆ. ‘ನಂಬಿಕೆ ಮಾತ್ರ’ ಎಂಬ ಪದಜೋಡಣೆ ಗ್ರೀಕ್ ಮೂಲದಲ್ಲಿ ಕಾಣುವುದು ಒಂದೇ ಕಡೆ, ಯಾಕೋಬನ ಪತ್ರದಲ್ಲಿ, ಅದೂ ನಿಷೇಧರೂಪವಾಗಿ. ಬಟ್ಟೆಯಿಲ್ಲದೆ ಹಸಿದವರಿಗೆ ಒಳ್ಳೆಯ ಮಾತನಾಡಿ ಬರಿಗೈಯಲ್ಲಿ ಕಳುಹಿಸುವವನ ನಂಬಿಕೆ ಯಾವ ಪ್ರಯೋಜನಕ್ಕೆ ಎಂದು ಯಾಕೋಬನು ಕೇಳುತ್ತಾನೆ. ಲೂಥರನು ಈ ಪತ್ರವನ್ನು ಹುಲ್ಲಿಗೆ ಹೋಲಿಸಿದನು. ಆದರೂ ತನ್ನ ಬೈಬಲ್ಲಿನಿಂದ ತೆಗೆದುಹಾಕಲಿಲ್ಲ.

ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಸಂತಾನವಿಲ್ಲದ ಮುದುಕನು ನಕ್ಷತ್ರಗಳನ್ನು ನೋಡುತ್ತ ದೇವರ ವಾಗ್ದಾನವನ್ನು ನಂಬಿದ ರಾತ್ರಿಯನ್ನು ಪೌಲನು ನೆನೆಯುತ್ತಾನೆ. ಪಡೆದ ಮಗನನ್ನೇ ಬಲಿಪೀಠದ ಮೇಲಿರಿಸಿದ ಘಳಿಗೆಯನ್ನು ಯಾಕೋಬನು ನೆನೆಯುತ್ತಾನೆ. ಒಂದು ಕಥೆಯ ಬೀಜ, ಇನ್ನೊಂದು ಅದರ ಫಲ. ಪೌಲನು ಎಚ್ಚರಿಸುವುದು ಮಾಡಿದ್ದನ್ನು ಎಣಿಸಿಕೊಂಡು ಬೀಗುವವನನ್ನು. ಯಾಕೋಬನು ಎಚ್ಚರಿಸುವುದು ನಂಬಿದ್ದೇನೆಂದು ಹೇಳಿ ಕೈಕಟ್ಟಿ ಕುಳಿತವನನ್ನು. ರೋಗಗಳು ಬೇರೆ, ಆದುದರಿಂದ ಔಷಧವೂ ಬೇರೆ.

1547ರಲ್ಲಿ ಟ್ರೆಂಟಿನ ಮಹಾಸಭೆ, ಮನುಷ್ಯನ ಸಹಕಾರಕ್ಕೆ ಎಡೆಗೊಡದ ‘ಮಾತ್ರ’ವನ್ನು ತಿರಸ್ಕರಿಸಿತು. ನಾಲ್ಕೂವರೆ ಶತಮಾನಗಳು ಕಳೆದು, 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಂದು ಸಂಯುಕ್ತ ಘೋಷಣೆಗೆ ಸಹಿಹಾಕಿದರು. ಮನುಷ್ಯನನ್ನು ದೇವರು ಸ್ವೀಕರಿಸುವುದು ಅವನ ಅರ್ಹತೆಯಿಂದಲ್ಲ, ಕೃಪೆಯಿಂದ. ಸತ್ಕಾರ್ಯಗಳು ಆ ಕೃಪೆಯ ಫಲಗಳು ಎಂಬುದು ಅದರ ಸಾರ. ಭಿನ್ನಾಭಿಪ್ರಾಯಗಳೆಲ್ಲ ಅಳಿದುವೆಂದಲ್ಲ, ಅವು ಪರಸ್ಪರ ಬಹಿಷ್ಕಾರಕ್ಕೆ ಕಾರಣವಾಗಬೇಕಿಲ್ಲವೆಂದು ಇಬ್ಬರೂ ಒಪ್ಪಿದರು.

ಲೂಥರನೇ 1522ರ ತನ್ನ ಮುನ್ನುಡಿಯಲ್ಲಿ ಜೀವಂತ ನಂಬಿಕೆಯ ಲಕ್ಷಣವನ್ನು ತಿಳಿಸಿದ್ದನು: ಒಳ್ಳೆಯದನ್ನು ಮಾಡಬೇಕೇ ಎಂದು ಅದು ಕೇಳುತ್ತ ನಿಲ್ಲುವುದಿಲ್ಲ, ಕೇಳುವ ಮೊದಲೇ ಮಾಡಿ ಮುಗಿಸಿರುತ್ತದೆ. ಯಾಕೋಬನು ಈ ಮಾತನ್ನು ಕೇಳಿದ್ದರೆ ತಲೆದೂಗುತ್ತಿದ್ದನೆಂದೇ ನನ್ನ ಭಾವನೆ.