ಬಾಣಂತಿಯ ತಪಾಸಣೆಗೆ ಚಿಲ್ಲಾ ಮುಗಿಯುವವರೆಗೆ ಕಾಯಬೇಡಿ
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮಗು ಹುಟ್ಟಿದ ಕೂಡಲೇ ಕಿವಿಯಲ್ಲಿ ಅಜಾನ್ ಹೇಳುತ್ತೇವೆ. ಏಳನೇ ದಿನ ಅಕೀಕಾ ಮಾಡುತ್ತೇವೆ. ಮರೆಯದೆ ಲಸಿಕೆ ಹಾಕಿಸುತ್ತೇವೆ. ಆದರೆ ಹೆತ್ತ ತಾಯಿಯನ್ನು ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದರೆ, "ಚಿಲ್ಲಾ ಮುಗಿಯಲಿ, ನೋಡೋಣ" ಎಂಬ ಉತ್ತರ ಬರುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ಎರಡನೇ ಹೆರಿಗೆಯಾದ ಹನ್ನೆರಡನೇ ದಿನ ನನಗೆ ಚಳಿಜ್ವರ ಬಂತು. ಎದೆಹಾಲಿನ ಜ್ವರ, ತಾನಾಗಿಯೇ ಇಳಿಯುತ್ತದೆ ಎಂದರು ಮನೆಯ ಹಿರಿಯರು. ಸ್ರಾವ ದುರ್ವಾಸನೆಯಿಂದ ಕೂಡಿತ್ತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಮಕ್ಕಳಿಗೆ ಪಾಠ ಹೇಳುವ ನಾನೇ ಬಾಯಿ ಮುಚ್ಚಿಕೊಂಡಿದ್ದೆ! ಹದಿನಾಲ್ಕನೇ ದಿನದ ಭೇಟಿಗೆ ಬಂದ ಆಶಾ ಕಾರ್ಯಕರ್ತೆ ಜ್ವರ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಆಸ್ಪತ್ರೆಗೆ ಕರೆದೊಯ್ದರು. ಗರ್ಭಕೋಶದಲ್ಲಿ ಸೋಂಕು ಆಗಿತ್ತು. ಐದು ದಿನ ಇಂಜೆಕ್ಷನ್ ಕೊಟ್ಟ ಮೇಲೆ, ಅಲ್ಲಾಹನ ಕೃಪೆಯಿಂದ ಚೇತರಿಸಿಕೊಂಡೆ.

ನಿಫಾಸ್ ಎಂಬುದು ನಮಾಜ್, ರೋಜಾಗಳಿಗೆ ಸಂಬಂಧಿಸಿದ ವಿಷಯ. ಅದು ಆಸ್ಪತ್ರೆಯ ಬಾಗಿಲು ಮುಚ್ಚುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿರುವಂತೆ, ಹೆರಿಗೆಯ ನಂತರ ತಾಯಿ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿರಬೇಕು. ಆಮೇಲೆ ಎರಡು ಮೂರು ದಿನಗಳೊಳಗೆ, ಎರಡನೇ ವಾರದಲ್ಲಿ ಮತ್ತು ಆರನೇ ವಾರದಲ್ಲಿ ತಪಾಸಣೆ ಆಗಬೇಕು. ನಮ್ಮ ದೇಶದಲ್ಲಿ ಆಸ್ಪತ್ರೆ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರುವ ಏರ್ಪಾಡಿದೆ. ಬಂದವರು ಮಗುವನ್ನಷ್ಟೇ ನೋಡಿ ಹೋಗದಂತೆ, ನಿಮ್ಮ ತೊಂದರೆಯನ್ನೂ ಬಾಯಿಬಿಟ್ಟು ಹೇಳಿ.

ತಪಾಸಣೆಯಲ್ಲಿ ರಕ್ತದೊತ್ತಡ, ಜ್ವರ, ರಕ್ತಸ್ರಾವ, ಹೊಲಿಗೆ, ಎದೆ, ರಕ್ತಹೀನತೆ ಇವನ್ನೆಲ್ಲ ನೋಡುತ್ತಾರೆ. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು. ಮುಂದಿನ ಮಗುವಿಗೆ ಅಂತರವಿಡುವ ಬಗ್ಗೆಯೂ ಆಗಲೇ ಕೇಳಬಹುದು.

ಆದರೆ ಅತಿಯಾದ ರಕ್ತಸ್ರಾವ, ಜ್ವರ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಉಸಿರಾಟದ ತೊಂದರೆ, ಒಂದು ಕಾಲು ಊದಿ ನೋಯುವುದು ಕಂಡರೆ ತಪಾಸಣೆಯ ದಿನಕ್ಕೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಎರಡು ವಾರ ಕಳೆದರೂ ಅಳು, ನಿರಾಸೆ ಹೋಗದಿದ್ದರೆ ಅದನ್ನು "ನಜರ್" ಎಂದು ತಳ್ಳಿಹಾಕಬೇಡಿ. ಅದೂ ಚಿಕಿತ್ಸೆಯಿರುವ ಕಾಯಿಲೆಯೇ. ಟೆಲಿ ಮಾನಸ್ 14416ರಲ್ಲಿ ಉಚಿತ ಸಲಹೆ ಸಿಗುತ್ತದೆ.

ವಿದ್ಯಾರ್ಥಿಗಳೇ, ಮನೆಯಲ್ಲಿ ಬಾಣಂತಿ ಇದ್ದರೆ ತಾಯಿ ಕಾರ್ಡ್ ತೆಗೆದು ಅಮ್ಮೀಗೆ, ದಾದೀಗೆ ಓದಿ ಹೇಳಿ. ನೀವು ಕಲಿತ ಅಕ್ಷರ ಒಂದು ಜೀವ ಉಳಿಸಬಹುದು. ಸಹೋದರರೇ, ತಾಯಿಯ ಪಾದದಡಿ ಜನ್ನತ್ ಇದೆ ಎಂದು ಹೇಳುವ ನಾವು, ಆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅರ್ಧ ದಿನ ಬಿಡುವು ಮಾಡಿಕೊಳ್ಳಬಾರದೇ?

ಅಲ್ಲಾಹನು ನಮ್ಮ ತಾಯಂದಿರಿಗೆ ಆರೋಗ್ಯವನ್ನು ದಯಪಾಲಿಸಲಿ. ಆಮೀನ್.